ಗೈಡುಗಳ ನಡುವೆ ಆಫ್ರಿಕದ ಲೇಖಕಿಯರು

ಬಳ್ಳಾರಿಯ ರಾಯಲ್ ಸರ್ಕಲ್ ಸಮೀಪದ ಈ ಹಳೆಯ ಪುಸ್ತಕಗಳ ಮಳಿಗೆಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳ ಗೈಡುಗಳದ್ದೇ ದರ್ಬಾರಾದರೂ, ಒಳಗೋಡೆಯ ಕಪಾಟಿನ ಒಂದು ಸಾಲನ್ನು ಆಫ್ರಿಕದ ಲೇಖಕಿಯರಿಗೆ ಮೀಸಲಿಟ್ಟಿರುವುದು ಮೆಚ್ಚತಕ್ಕ ಸಂಗತಿ. ನೈಜೀರಿಯಾದ ಫ್ಲೋರಾ ನ್ವಾಪಾ ಅವರ ‘ಎಫುರು’ (1966), ಆಫ್ರಿಕದಲ್ಲಿ ಪ್ರಕಟವಾದ ಕೃತಿಗಳಿಗೆ ಸಲ್ಲುತ್ತಿದ್ದ ನೋಮಾ ಪ್ರಶಸ್ತಿಯನ್ನು 1980ರಲ್ಲಿ ಮೊದಲಿಗೆ ಪಡೆದ ಸೆನೆಗಲ್‌ನ ಮರಿಯಾಮಾ ಬಾ ಅವರ ಪತ್ರರೂಪದ ಕಾದಂಬರಿ, ಜಿಂಬಾಬ್ವೆಯ ತ್ಸಿತ್ಸಿ ದಂಗಾರೆಂಬ್ಗಾ ಅವರ ‘ನರ್ವಸ್ ಕಂಡಿಷನ್ಸ್’ (1988) ಅಲ್ಲಿವೆ; ಎಲ್ಲವೂ ಇಂಗ್ಲಿಷಿನಲ್ಲಿ.

ನಾನು ಕೊಂಡದ್ದು ಕೊನೆಯದನ್ನು. ಅಣ್ಣನನ್ನು ಓದಿಸುವ ಮನೆಯವರು ತನ್ನ ಶಾಲೆಯ ಫೀಸಿಗೆ ಹಣವಿಲ್ಲವೆಂದಾಗ, ತಾಂಬು ಎಂಬ ಹುಡುಗಿ ತಾನೇ ಮೆಕ್ಕೆಜೋಳ ಬೆಳೆಯಲು ಹೊಲಕ್ಕಿಳಿಯುತ್ತಾಳೆ. ಆ ತೆನೆಗಳನ್ನು ಅಣ್ಣನೇ ಕದ್ದು ಇತರರಿಗೆ ಹಂಚುತ್ತಾನೆ. ಈ ಪ್ರಸಂಗ ನಮ್ಮ ಸೀಮೆಯ ಓದುಗರಿಗೆ ಅಪರಿಚಿತವೆನಿಸಲಾರದು. ಆದರೆ ನನ್ನ ಮಟ್ಟಿಗೆ ಅದಕ್ಕಿಂತ ತೀಕ್ಷ್ಣವಾದ ಚಿತ್ರಣ ದೊಡ್ಡಮ್ಮ ಮೈಗುರುವಿನದು: ಸ್ನಾತಕೋತ್ತರ ಪದವಿ ಪಡೆದು ದುಡಿಯುತ್ತಿದ್ದರೂ ಆಕೆಯ ಸಂಬಳದ ಮೇಲೆ ಆಕೆಗೇ ಅಧಿಕಾರವಿಲ್ಲ. ಓದಿದ ಹೆಣ್ಣು ತಾನಾಗಿಯೇ ಸ್ವತಂತ್ರಳಾಗುತ್ತಾಳೆಂಬ ಸಲೀಸಾದ ನಂಬಿಕೆಯನ್ನು ಕಾದಂಬರಿ ಇಲ್ಲಿ ಒಡೆಯುತ್ತದೆ.

ಮಳಿಗೆಯ ಬಗ್ಗೆ ಆಕ್ಷೇಪಗಳೂ ಇವೆ. ಬೆಲೆಯನ್ನು ಪೆನ್ಸಿಲಿನಲ್ಲಿ ತಿದ್ದಿ ಬರೆದಿರುವುದರಿಂದ ಚೌಕಾಸಿ ಅನಿವಾರ್ಯ, ಬೆಳಕು ಸಾಲದು, ನನ್ನ ಪ್ರತಿಯ ಹೊಲಿಗೆ ಸಡಿಲವಾಗಿ ಹಾಳೆಗಳು ಕಳಚಿಬಂದವು. ಆದರೂ ಮಾಲೀಕರು ಕೇಳಿದ ಪುಸ್ತಕವನ್ನು ತರಿಸಿಕೊಡುತ್ತಾರೆ, ಮುಂಗಡ ಕೇಳುವುದಿಲ್ಲ.