ಕೊಡಗಿನ ಅಡುಗೆಮನೆಗೆ 28 ಲೀಟರ್ ಓಟಿಜಿ: ಕ್ರಿಸ್ಮಸ್ ಕೇಕಿನಿಂದ ಭಾನುವಾರದ ರೋಸ್ಟ್‌ವರೆಗೆ

ಭಾನುವಾರ ಚರ್ಚಿನ ಬಲಿಪೂಜೆ ಮುಗಿಸಿ ಬಂದ ಮೇಲೆ ಐದಾರು ಮಂದಿಗೆ ಒಂದು ಒಳ್ಳೆಯ ಊಟ, ಡಿಸೆಂಬರಿನಲ್ಲಿ ಅಕ್ಕಪಕ್ಕದ ಮನೆಗಳಿಗೆಲ್ಲ ಹಂಚುವಷ್ಟು ಕೇಕು. ಇಷ್ಟು ಬೇಕೆನ್ನುವ ಕ್ಯಾಥೊಲಿಕ್ ಮನೆಗೆ 28 ಲೀಟರಿನ ಓಟಿಜಿಯೇ (ಓವನ್, ಟೋಸ್ಟರ್, ಗ್ರಿಲ್ ಮೂರೂ ಆಗುವ ಕರೆಂಟಿನ ಓವನ್) ಸರಿಯಾದ ಅಳತೆ. 16 ಲೀಟರಿನದರಲ್ಲಿ ಮೇಲಿನ ರಾಡ್ ಕೇಕಿನ ನೆತ್ತಿಗೇ ತಾಗುವಷ್ಟು ಹತ್ತಿರ ಇರುತ್ತದೆ. ಎತ್ತರದ ಪ್ಲಮ್ ಕೇಕು ಒಳಗೆ ಬೇಯುವ ಮೊದಲೇ ಮೇಲೆ ಕರಕಲಾಗುತ್ತದೆ. 40 ಲೀಟರ್ ಮತ್ತು ಅದಕ್ಕಿಂತ ದೊಡ್ಡದು ಜಾಗ ತಿನ್ನುತ್ತದೆ, ಹಳೆಯ ಮನೆಗಳ ವೈರಿಂಗಿಗೂ ಭಾರ. 28 ಲೀಟರಿನದರಲ್ಲಿ 8 ಇಂಚಿನ ಗುಂಡು ಟಿನ್ ಒಂದು, ಇಲ್ಲವೇ ಬ್ರೆಡ್ ಆಕಾರದ ಎರಡು ಉದ್ದ ಟಿನ್ ಸುತ್ತ ಗಾಳಿ ಆಡುವಂತೆ ಕೂರುತ್ತವೆ. ಬೆಲೆ ಸಾಮಾನ್ಯವಾಗಿ 6,000ದಿಂದ 9,000 ರೂಪಾಯಿ. ಯಾವ ಕಂಪನಿಯದಾದರೂ ಈ ಅಳತೆಯ ಓಟಿಜಿಗಳ ಗುಣದೋಷ ಹೆಚ್ಚುಕಡಿಮೆ ಒಂದೇ ಥರ. ಕೊಡಗಿನಲ್ಲಿ ಬಳಸುವವರು ಅದರ ಜೊತೆಗೆ ಇನ್ನೂ ಕೆಲವನ್ನು ತಿಳಿದಿರಬೇಕು.

ಮೊದಲ ಮಾತು ಕರೆಂಟಿನದು. ಈ ಅಳತೆಯ ಓವನ್ ಸುಮಾರು 1500 ವಾಟಿನದು, ಅಂದರೆ 230 ವೋಲ್ಟಿನಲ್ಲಿ ಆರೂವರೆ ಆಂಪಿಯರ್ ಎಳೆಯುತ್ತದೆ. ಮಿಕ್ಸಿ ಹಾಕುವ 6 ಆಂಪಿಯರ್ ಸಾಕೆಟ್ಟಿಗೆ ಅಡಾಪ್ಟರ್ ಸಿಕ್ಕಿಸಿ ಓಡಿಸಿದರೆ ಎರಡು ಗಂಟೆಯ ಕೇಕಿನಲ್ಲಿ ಪ್ಲಗ್ ಮೆತ್ತಗಾಗಿ ವಾಸನೆ ಬರುತ್ತದೆ. ಗೀಸರಿಗೆ ಹಾಕುವಂಥ ದೊಡ್ಡ ಪಿನ್ನಿನ 16 ಆಂಪಿಯರ್ ಸಾಕೆಟ್ಟೇ ಬೇಕು. ಮನೆಯ ಸಾಮಾನ್ಯ ಇನ್ವರ್ಟರ್ ಇದನ್ನು ಎಳೆಯುವುದಿಲ್ಲ. ಕರೆಂಟ್ ಹೋದ ತಕ್ಷಣ ಓವನ್ ಸ್ವಿಚ್ ಆರಿಸಿಬಿಡಿ.

ತೋಟದ ಲೈನಿನಲ್ಲಿರುವ ಮನೆಗಳಿಗೆ ಕರೆಂಟ್ ಹೋಗುವುದಕ್ಕಿಂತ ವೋಲ್ಟೇಜ್ ಇಳಿಯುವುದೇ ದೊಡ್ಡ ಕಾಟ, ಏಕೆಂದರೆ ಅದು ಕಣ್ಣಿಗೆ ಕಾಣುವುದಿಲ್ಲ. ರಾಡಿನ ಶಾಖ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230ರ ಬದಲು 180 ವೋಲ್ಟ್ ಬರುತ್ತಿದ್ದರೆ 1500 ವಾಟಿನ ಓವನ್ ಕೊಡುವುದು ಸುಮಾರು 920 ವಾಟ್ ಮಾತ್ರ. ದೀಪ ಉರಿಯುತ್ತಿರುತ್ತದೆ, ರಾಡ್ ಕೆಂಪಗೂ ಕಾಣುತ್ತದೆ, ಆದರೆ ಒಳಗಿನ ಬಿಸಿ ಏರುವುದು ಬಹಳ ನಿಧಾನ. ಬೇಕಿಂಗ್ ಪೌಡರಿನ ಗಾಳಿ ಎದ್ದು ಹೋದ ಮೇಲೆ ನಿಧಾನವಾಗಿ ಗಟ್ಟಿಯಾದ ಕೇಕು ತಳದಲ್ಲಿ ಹಿಟ್ಟುಹಿಟ್ಟಾಗಿ, ಮೇಲೆ ಒಣಗಿ ಬರುತ್ತದೆ. ಅಳತೆ ತಪ್ಪಿತೆಂದು ಅಮ್ಮಂದಿರು ತಮ್ಮನ್ನೇ ಬೈದುಕೊಳ್ಳುತ್ತಾರೆ, ತಪ್ಪು ವೋಲ್ಟೇಜಿನದು. ಸಂಜೆ ಆರರಿಂದ ಒಂಬತ್ತರ ನಡುವೆ, ಮತ್ತು ಫೆಬ್ರವರಿ-ಮಾರ್ಚಿನಲ್ಲಿ ಕಾಫಿಗೆ ನೀರು ಹಾಯಿಸುವ ಮೋಟಾರುಗಳು ಓಡುವ ಹೊತ್ತಿನಲ್ಲಿ ಕೇಕು ಇಡಬೇಡಿ. ಬೆಳಗ್ಗೆ ಹತ್ತರ ಮೇಲೆ, ಇಲ್ಲವೇ ರಾತ್ರಿ ಊಟ ಮುಗಿದ ಮೇಲೆ ಇಡುವುದು ವಾಸಿ.

ಎರಡನೆಯದು ನಾಬ್. ನಾಬಿನ ಮೇಲೆ 180 ಎಂದು ಬರೆದಿದ್ದರೆ ಒಳಗೆ 180 ಇದೆ ಎಂದು ನಂಬಬೇಡಿ. ಇಪ್ಪತ್ತು ಡಿಗ್ರಿ ಆಚೀಚೆ ಇರುವುದು ಈ ದರ್ಜೆಯ ಓವನ್‌ಗಳಲ್ಲಿ ಮಾಮೂಲು. ಜೊತೆಗೇ ಒಂದು ಓವನ್ ಥರ್ಮಾಮೀಟರ್ ಕೊಂಡು ಮಧ್ಯದ ಜಾಲರಿಗೆ ತೂಗುಹಾಕಿ. ಖಾಲಿ ಓವನ್ನನ್ನು 150, 180, 200ಕ್ಕೆ ಇಟ್ಟು ತಲಾ ಇಪ್ಪತ್ತು ನಿಮಿಷ ಬಿಟ್ಟು ನೋಡಿ, ನಿಜವಾದ ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದು ಓವನ್ನಿನ ಪಕ್ಕದ ಗೋಡೆಗೆ ಅಂಟಿಸಿ. ಇದೊಂದು ಮಾಡಿದರೆ ಅರ್ಧ ತೊಂದರೆ ಮುಗಿಯಿತು. ಬಿಸಿಯ ದೀಪ ಆರಿದ ಕೂಡಲೇ ಕೇಕು ತೂರಿಸಬೇಡಿ. ಮೊದಲ ಸಲ ಆರುವಾಗ ಗಾಳಿ ಮಾತ್ರ ಕಾದಿರುತ್ತದೆ, ತಗಡು ಕಾದಿರುವುದಿಲ್ಲ. ಬಾಗಿಲು ತೆರೆದರೆ ಬಿಸಿಯೆಲ್ಲ ಹೊರಗೆ. ದೀಪ ಎರಡು ಸಲ ಹತ್ತಿ ಆರಲಿ.

ಇನ್ನು ಪ್ಲಮ್ ಕೇಕು. ಈ ಓವನ್ ಕೊಳ್ಳುವುದೇ ಅದಕ್ಕಾಗಿ. ಅಕ್ಟೋಬರಿನಲ್ಲಿ, ಜಪಸರದ ತಿಂಗಳು ನಡೆಯುತ್ತಿರುವಾಗಲೇ ಹಣ್ಣು ನೆನೆಹಾಕಿ: ಒಣದ್ರಾಕ್ಷಿ, ಕಪ್ಪು ಒಣದ್ರಾಕ್ಷಿ, ಖರ್ಜೂರ, ಸಕ್ಕರೆಪಾಕದ ಕಿತ್ತಳೆ ಸಿಪ್ಪೆ ಎಲ್ಲ ಸೇರಿ 500 ಗ್ರಾಂ, ರಮ್ ಅಥವಾ ಮನೆಯ ವೈನ್ ಹಣ್ಣು ಮುಳುಗುವಷ್ಟು. ಕೊಡಗಿನ ಕಿತ್ತಳೆಯ ಸಿಪ್ಪೆ ಸಡಿಲ, ತೆಳು. ಮೂರು ಸಲ ನೀರು ಬದಲಿಸಿ ಕುದಿಸಿ ಕಹಿ ತೆಗೆದ ಮೇಲೆ ಸಕ್ಕರೆಪಾಕದಲ್ಲಿ ಹೆಚ್ಚು ಹೊತ್ತು ಬಿಡಬೇಡಿ, ಕರಗಿಹೋಗುತ್ತದೆ. 8 ಇಂಚು ಅಗಲ, 3 ಇಂಚು ಎತ್ತರದ ಟಿನ್ನಿಗೆ 250 ಗ್ರಾಂ ಬೆಣ್ಣೆ, 225 ಗ್ರಾಂ ಸಕ್ಕರೆ, 4 ಮೊಟ್ಟೆ, 250 ಗ್ರಾಂ ಮೈದಾ, ಒಂದು ಚಮಚ ಚಕ್ಕೆ-ಲವಂಗ-ಜಾಯಿಕಾಯಿ ಪುಡಿ. ಬಣ್ಣಕ್ಕೆ 100 ಗ್ರಾಂ ಸಕ್ಕರೆಯನ್ನು ಕಡು ಕಂದು ಮಾಡಿ, ಉರಿ ಆರಿಸಿ, 75 ಮಿಲಿ ಬಿಸಿನೀರು ಹುಷಾರಾಗಿ ಹುಯ್ಯಿರಿ. ತಣ್ಣೀರು ಹುಯ್ದರೆ ಸಿಡಿಯುತ್ತದೆ, ಸಕ್ಕರೆ ಕಲ್ಲಾಗುತ್ತದೆ. ಮಕ್ಕಳನ್ನು ಆಗ ಒಲೆಯ ಹತ್ತಿರ ಬಿಡಬೇಡಿ.

ಬೇಕಿಂಗ್ ಪೌಡರ್ ಬಯಲುಸೀಮೆಯ ಅಳತೆಯಲ್ಲಿ ಒಂದು ಚಮಚ. ಮಡಿಕೇರಿ 1,100 ಮೀಟರಿಗಿಂತ ಎತ್ತರದಲ್ಲಿದೆ. ಅಲ್ಲಿ ನೀರು ಸುಮಾರು 96 ಡಿಗ್ರಿಗೇ ಕುದಿಯುತ್ತದೆ, ಕೇಕಿನೊಳಗಿನ ಗಾಳಿಯೂ ಹೆಚ್ಚು ಉಬ್ಬುತ್ತದೆ. ಒಂದು ಚಮಚ ಹಾಕಿದರೆ ಮೊದಲು ಗೋಪುರದಂತೆ ಎದ್ದು ಆಮೇಲೆ ನಡುವೆ ಕುಸಿಯುವ ಸಂಭವ. ಮುಕ್ಕಾಲು ಚಮಚ ಸಾಕು. ತಗ್ಗಿನಲ್ಲಿರುವ ಕುಶಾಲನಗರದ ಕಡೆಯವರು ಬದಲಿಸಬೇಕಿಲ್ಲ. ಡಿಸೆಂಬರಿನ ಚಳಿಗೆ ಬೆಣ್ಣೆ ಕಲ್ಲಿನಂತಿರುತ್ತದೆ, ಮೊಟ್ಟೆ ತಣ್ಣಗಿರುತ್ತದೆ. ಹಾಗೇ ಸೇರಿಸಿದರೆ ಒಡೆದ ಹಾಲಿನ ಹಾಗೆ ಬೇರೆಬೇರೆಯಾಗುತ್ತದೆ. ಮೊಟ್ಟೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಇಡಿ, ಒಂದೊಂದೇ ಸೇರಿಸಿ. ನೆನೆದ ಹಣ್ಣನ್ನು ಒಂದು ಗಂಟೆ ಜರಡಿಯಲ್ಲಿ ಸೋರಿಸಿ, ಅಳೆದ ಮೈದಾದಿಂದಲೇ ಎರಡು ದೊಡ್ಡ ಚಮಚ ತೆಗೆದು ಹೊರಳಿಸಿ ಹಾಕಿ. ಒದ್ದೆ ಹಣ್ಣು ತಳ ಸೇರುತ್ತದೆ.

ಟಿನ್ನಿನ ಹೊರಗೆ ಕಂದು ಕಾಗದ ಎರಡು ಸುತ್ತು ಸುತ್ತಿ ದಾರ ಕಟ್ಟಿ, ಕಾಗದ ರಾಡಿಗೆ ತಾಗದಂತೆ ನೋಡಿಕೊಳ್ಳಿ. ಜಾಲರಿ ಕೆಳಗಿನಿಂದ ಎರಡನೇ ಹಂತದಲ್ಲಿ, ಮೇಲಿನ-ಕೆಳಗಿನ ರಾಡ್ ಎರಡೂ ಕಡೆ ಉರಿಯಲಿ, ಫ್ಯಾನ್ ಬೇಡ, ಥರ್ಮಾಮೀಟರಿನಲ್ಲಿ 150. ಒಂದು ಗಂಟೆಗೆ ಮೇಲೆ ಬೆಣ್ಣೆಕಾಗದ ಮುಚ್ಚಿ. ಒಂದೂಮುಕ್ಕಾಲು ಗಂಟೆಗೆ ಕಡ್ಡಿ ಚುಚ್ಚಿ ನೋಡಲು ಶುರುಮಾಡಿ. ಇಲ್ಲಿಯೇ ಈ ಓವನ್ನಿನ ದೊಡ್ಡ ಕೊರತೆ ಸಿಕ್ಕುವುದು: ಹೆಚ್ಚಿನವುಗಳ ಟೈಮರ್ 60 ನಿಮಿಷಕ್ಕೆ ಮುಗಿಯುತ್ತದೆ, ಗಂಟೆ ಹೊಡೆದು ಓವನ್ ಆರುತ್ತದೆ. ಕೇಕು ಇಟ್ಟು ಎಲ್ಲರೂ ಚರ್ಚಿಗೆ ಹೋದರೆ ಬರುವಷ್ಟರಲ್ಲಿ ಓವನ್ ತಣ್ಣಗಾಗಿ ನಡುಭಾಗ ಕುಳಿ ಬಿದ್ದಿರುತ್ತದೆ. ಟೈಮರಿನಲ್ಲಿ ‘ಆನ್’ ಎಂಬ ಗುರುತು ಇರುವುದನ್ನೇ ಆರಿಸಿ. ಅದಿದ್ದರೂ ಓವನ್ ಉರಿಯುತ್ತಿರುವಾಗ ಮನೆ ಬಿಟ್ಟು ಹೋಗಬೇಡಿ.

ಕೇಕು ಒಳಗಿರುವಾಗ ಕರೆಂಟ್ ಹೋದರೆ ಬಾಗಿಲು ತೆರೆಯಬೇಡಿ. ಹತ್ತು ನಿಮಿಷದೊಳಗೆ ಬಂದರೆ ಏನೂ ಆಗುವುದಿಲ್ಲ, ಹೋದಷ್ಟು ಹೊತ್ತು ಮತ್ತು ಅದರ ಮೇಲೆ ಐದು ನಿಮಿಷ ಸೇರಿಸಿ. ತೆಳು ತಗಡಿನ ಓವನ್ ಅದಕ್ಕಿಂತ ಹೆಚ್ಚು ಬಿಸಿ ಹಿಡಿಯುವುದಿಲ್ಲ. ಬರುವ ಲಕ್ಷಣ ಇಲ್ಲದಿದ್ದರೆ ದಪ್ಪ ತಳದ ದೊಡ್ಡ ಪಾತ್ರೆಯಲ್ಲಿ ಒಂದು ಇಂಚು ಕಲ್ಲುಪ್ಪು ಹರಡಿ, ಸ್ಟ್ಯಾಂಡ್ ಇಟ್ಟು, ಮುಚ್ಚಿ, ಗ್ಯಾಸಿನಲ್ಲಿ ಹತ್ತು ನಿಮಿಷ ಕಾಯಿಸಿ ಟಿನ್ ಅದಕ್ಕೆ ವರ್ಗಾಯಿಸಿ, ಸಣ್ಣ ಉರಿ. ಟಿನ್ನಿನ ಕಾಗದ ಬಿಚ್ಚಿಟ್ಟೇ ಇಳಿಸಿ. ಸೌದೆ ಒಲೆ ಇರುವ ಮನೆಯವರು ಮುಚ್ಚಳದ ಮೇಲೆ ಕೆಂಡ ಹರಡಿದರೆ ಮೇಲೂ ಬಣ್ಣ ಬರುತ್ತದೆ. ಓಟಿಜಿ ಬಂತೆಂದು ಆ ಪಾತ್ರೆಯನ್ನು ಅಟ್ಟಕ್ಕೆ ಹಾಕಬೇಡಿ.

ಹಂಚುವ ಕೇಕಿಗೆ ಒಂದು ಮಾತು. ರಮ್ ಬೆಂದರೆ ಪೂರ್ತಿ ಹಾರಿಹೋಗುತ್ತದೆ ಎನ್ನುವುದು ಸುಳ್ಳು, ಸ್ವಲ್ಪ ಉಳಿಯುತ್ತದೆ. ಮುಸ್ಲಿಂ ನೆರೆಮನೆಗೆ, ಮೊಟ್ಟೆ ತಿನ್ನದವರ ಮನೆಗೆ ಬೇರೆಯೇ ಮಾಡುವುದು ಮರ್ಯಾದೆ. 300 ಗ್ರಾಂ ಹಣ್ಣನ್ನು 200 ಮಿಲಿ ಕಿತ್ತಳೆ ರಸದಲ್ಲಿ ಒಂದು ಕುದಿ ಬರಿಸಿ ರಾತ್ರಿಯಿಡೀ ಬಿಡಿ. ಒಂದು ಡಬ್ಬ ಕಂಡೆನ್ಸ್ಡ್ ಹಾಲು, 125 ಗ್ರಾಂ ಕರಗಿಸಿದ ಬೆಣ್ಣೆ, 250 ಗ್ರಾಂ ಮೈದಾ, ಒಂದು ಚಮಚ ಬೇಕಿಂಗ್ ಪೌಡರ್, ಅರ್ಧ ಚಮಚ ಸೋಡಾ, ಹಣ್ಣು ರಸದ ಸಮೇತ. ಎರಡು ಉದ್ದ ಟಿನ್ನಿಗೆ ಹಂಚಿ, 160ರಲ್ಲಿ 45ರಿಂದ 50 ನಿಮಿಷ. ಸೋಡಾ ಬಿದ್ದ ಮೇಲೆ ಹಿಟ್ಟನ್ನು ಹಾಗೇ ಬಿಡದೆ ಕೂಡಲೇ ಓವನ್ನಿಗೆ ಇಡಿ. ರಸದ ಹುಳಿಗೆ ಅದು ಆಗಲೇ ಕೆಲಸ ಶುರುಮಾಡಿರುತ್ತದೆ. ಈ ಕೇಕು ರಮ್ ಕೇಕಿನಷ್ಟು ದಿನ ಇರುವುದಿಲ್ಲ, ಮೂರು-ನಾಲ್ಕು ದಿನದಲ್ಲಿ ಮುಗಿಸಬೇಕು. ಆದ್ದರಿಂದ ಡಿಸೆಂಬರ್ 23ಕ್ಕೆ ಮಾಡಿ.

ಕುಸ್ವಾರಿಗೆ, ಅಂದರೆ ಕ್ರಿಸ್ಮಸ್ಸಿಗೆ ಮಾಡಿ ಹಂಚುವ ತಿಂಡಿಗಳಿಗೆ, ಈ ಓವನ್ ನೆರವಾಗುವುದು ಕಡಿಮೆ. ಕಿಡಿಯೊ, ನೆವ್ರಿ, ರೋಸ್ ಕುಕ್ಕಿ ಎಲ್ಲ ಎಣ್ಣೆಯಲ್ಲಿ ಕರಿಯುವ ಕೆಲಸ. ಗೋಡಂಬಿ ಹುರಿಯಲು ಮಾತ್ರ ಚೆನ್ನ, 150ರಲ್ಲಿ ಹತ್ತರಿಂದ ಹನ್ನೆರಡು ನಿಮಿಷ.

ಶುಭ ಶುಕ್ರವಾರದ (ಗುಡ್ ಫ್ರೈಡೇ) ಬನ್ನಿಗೆ ಅಳತೆ 500 ಗ್ರಾಂ ಮೈದಾ, 7 ಗ್ರಾಂ ಇನ್‌ಸ್ಟಂಟ್ ಈಸ್ಟ್, 75 ಗ್ರಾಂ ಸಕ್ಕರೆ, 8 ಗ್ರಾಂ ಉಪ್ಪು, 250 ಮಿಲಿ ಬೆಚ್ಚಗಿನ ಹಾಲು, ಒಂದು ಮೊಟ್ಟೆ, 50 ಗ್ರಾಂ ಬೆಣ್ಣೆ. ಆರಿಸಿದ ಓವನ್ನಿನೊಳಗೆ ಒಂದು ಬಟ್ಟಲು ಬಿಸಿನೀರಿನ ಜೊತೆ ಹಿಟ್ಟು ಇಟ್ಟರೆ ಚೆನ್ನಾಗಿ ಉಬ್ಬುತ್ತದೆ. ಬೇಯುವುದು 190ರಲ್ಲಿ 18ರಿಂದ 20 ನಿಮಿಷ, ಹತ್ತನೇ ನಿಮಿಷಕ್ಕೆ ಮೇಲೆ ಫಾಯಿಲ್. ಕಾಫಿ ಹೂ ಅರಳಿಸುವ ಹೂಮಳೆಯ ಗುಡುಗಿಗೆ ಕರೆಂಟ್ ಹೋಗುವ ಕಾಲವೂ ಅದೇ, ಹಾಗಾಗಿ ಬೆಳಗ್ಗೆಯೇ ಮುಗಿಸಿ. ತಪಸ್ಸು ಕಾಲದ (ಈಸ್ಟರಿಗೆ ಮೊದಲಿನ ಉಪವಾಸದ ದಿನಗಳ) ಶುಕ್ರವಾರಗಳಿಗೆ ಮೀನನ್ನು ಅರಿಶಿನ, ಕಾಳುಮೆಣಸು, ಬೆಳ್ಳುಳ್ಳಿ ಸವರಿ ಬಾಳೆಎಲೆ, ಅದರ ಮೇಲೆ ಫಾಯಿಲ್ ಸುತ್ತಿ 180ರಲ್ಲಿ ಇಡಿ. ಅರ್ಧ ಕಿಲೋ ಮೀನಿಗೆ 20ರಿಂದ 25 ನಿಮಿಷ. ಎಣ್ಣೆ ಒಂದು ಚಮಚ ಸಾಕು.

ಪಾಸ್ಖ (ಈಸ್ಟರ್) ಹಬ್ಬಕ್ಕೆ, ಒಳ್ಳೆಯ ಭಾನುವಾರಕ್ಕೆ ಹಂದಿ. ಚರ್ಮ-ಕೊಬ್ಬು ಸಮೇತ ಒಂದೂವರೆ ಕಿಲೋದ ಒಂದೇ ತುಂಡು ಕೇಳಿ ತನ್ನಿ. ಉಪ್ಪು, ಕಾಳುಮೆಣಸು, ಜೀರಿಗೆ, ಬೆಳ್ಳುಳ್ಳಿ ಮಾಂಸಕ್ಕೆ ಮಾತ್ರ ಹಚ್ಚಿ. ಚರ್ಮವನ್ನು ಬಟ್ಟೆಯಿಂದ ಒರೆಸಿ, ಗೀರಿ, ಉಪ್ಪು ಉಜ್ಜಿ ರಾತ್ರಿಯಿಡೀ ಫ್ರಿಜ್ಜಿನಲ್ಲಿ ತೆರೆದಿಡಿ. ಚರ್ಮ ಒದ್ದೆಯಿದ್ದರೆ ಅದು ಗರಿಯಾಗುವುದಿಲ್ಲ, ರಬ್ಬರಾಗುತ್ತದೆ. ಫಾಯಿಲ್ ಮುಚ್ಚಿ 160ರಲ್ಲಿ ಎರಡು ಗಂಟೆ, ಆಮೇಲೆ ತೆರೆದು 220ರಲ್ಲಿ 20-25 ನಿಮಿಷ. ಕೊಡಗಿನ ಕಪ್ಪು ಹುಳಿಯಾದ ಕಚಂಪುಳಿಯನ್ನು ಕೊನೆಗೆ, ತಟ್ಟೆಯಲ್ಲಿ ಇಳಿದ ರಸಕ್ಕೆ ಒಂದು ಸಣ್ಣ ಚಮಚದಷ್ಟು ಸೇರಿಸಿ ಒಂದು ಕುದಿ ತನ್ನಿ. ಮೊದಲೇ ಚರ್ಮಕ್ಕೆ ಸವರಿದರೆ ಕಪ್ಪಾಗಿ ಕಹಿ ಬರುತ್ತದೆ. ಓವನ್ನಿನ ಜೊತೆ ಬರುವ ಅಲ್ಯೂಮಿನಿಯಂ ಟ್ರೇಗೆ ಈ ಹುಳಿ ತಾಗಿಸಬೇಡಿ, ಸ್ಟೀಲ್ ಅಥವಾ ಗಾಜಿನ ಟ್ರೇ ಬಳಸಿ. ಕೊಬ್ಬು ಕೆಳಗಿನ ರಾಡಿನ ಮೇಲೆ ತೊಟ್ಟಿಕ್ಕಿದರೆ ಮನೆಯೆಲ್ಲ ಹೊಗೆ, ಕೆಲವೊಮ್ಮೆ ಜ್ವಾಲೆ. ಟ್ರೇ ಆಳದ್ದಿರಲಿ, ತಳದಲ್ಲಿ ಅರ್ಧ ಲೋಟ ನೀರಿರಲಿ.

ಕೋಳಿ ತಿರುಗಿಸುವ ಕಂಬಿಯ ಮೇಲೆ ಆಸೆಯಿಟ್ಟು ಇದನ್ನು ಕೊಳ್ಳಬೇಡಿ. ಒಂದು ಕಿಲೋ ದಾಟಿದ ಕೋಳಿಯ ಕಾಲು-ರೆಕ್ಕೆಯನ್ನು ದಾರದಿಂದ ಬಿಗಿದು ಕಟ್ಟದಿದ್ದರೆ ಮೇಲಿನ ರಾಡಿಗೆ ತಾಗುತ್ತದೆ, ಕೊಬ್ಬೆಲ್ಲ ತಳಕ್ಕೆ ಸುರಿಯುತ್ತದೆ. ಟ್ರೇಯಲ್ಲಿ 200ಕ್ಕೆ ಒಂದು ಗಂಟೆ ಇಟ್ಟರೆ ಅದಕ್ಕಿಂತ ರುಚಿ, ಕೆಳಗೆ ಆಲೂಗಡ್ಡೆಯೂ ಬೇಯುತ್ತದೆ.

ಜೂನಿನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನ ತೇವ ಈ ಓವನ್ನಿಗೆ ಶತ್ರು. ಜಾಲರಿಯ ಬೆಸುಗೆಗಳಲ್ಲಿ, ಪುಡಿ ಬೀಳುವ ತಟ್ಟೆಯ ಅಂಚಿನಲ್ಲಿ ಮೊದಲು ತುಕ್ಕು ಕಾಣುತ್ತದೆ. ವಾರಕ್ಕೊಮ್ಮೆ ಖಾಲಿ ಓವನ್ನನ್ನು 100ರಲ್ಲಿ ಹತ್ತು ನಿಮಿಷ ಓಡಿಸಿ, ಬಾಗಿಲು ಒಂದು ಬೆರಳು ತೆರೆದು ಆರಲು ಬಿಡಿ. ಅದೇ ಬಿಸಿಯಲ್ಲಿ ಮೆತ್ತಗಾದ ಚಕ್ಕುಲಿ, ಬಿಸ್ಕತ್ತು ಇಟ್ಟರೆ ಮತ್ತೆ ಗರಿಗರಿ; ಮೊಂತಿ ಹಬ್ಬ (ಮಾತೆ ಮರಿಯಳ ಜನ್ಮದಿನ) ಬರುವುದೂ ಸೆಪ್ಟೆಂಬರ್ 8ಕ್ಕೆ, ಮಳೆ ನಿಲ್ಲುವ ಮೊದಲೇ. ಗೋಡೆಯಿಂದ ನಾಲ್ಕು ಇಂಚು ದೂರ, ಕಲ್ಲಿನ ಹಲಗೆಯ ಮೇಲೆ ಇಡಿ. ಹೊದಿಕೆ ಹಾಕುವುದಾದರೆ ಬಟ್ಟೆಯದು, ಪ್ಲಾಸ್ಟಿಕ್ ಒಳಗೆ ತೇವ ಕಟ್ಟುತ್ತದೆ.

ಕೊಳ್ಳುವಾಗ ಅಂಗಡಿಯಲ್ಲೇ ಬಾಕ್ಸ್ ಬಿಚ್ಚಿಸಿ. ಬಾಗಿಲು ಎರಡೂ ಕಡೆ ಸಮನಾಗಿ ಕೂರುತ್ತದೆಯೇ, ಒಂದು ಹಾಳೆ ಕಾಗದ ಬಾಗಿಲಿಗೆ ಸಿಕ್ಕಿಸಿ ಎಳೆದರೆ ಸುಲಭವಾಗಿ ಜಾರುತ್ತದೆಯೇ ನೋಡಿ. ಜಾರಿದ ಮೂಲೆಯಲ್ಲಿ ಬಿಸಿ ಸೋರುತ್ತದೆ. ಘಾಟಿಯ ರಸ್ತೆಯಲ್ಲಿ ಕುಲುಕಿ ಬಂದ ಬಾಕ್ಸಿನಲ್ಲಿ ಗಾಜಿನ ಹಿಂಜು ಸಡಿಲವಾಗಿರುವುದುಂಟು. ಮೇಲಿನ-ಕೆಳಗಿನ ಎಲ್ಲ ರಾಡ್ ಹತ್ತುವುದನ್ನು ಕಣ್ಣಾರೆ ನೋಡಿ. ರಿಪೇರಿ ಇಲ್ಲೇ ಮಾಡುತ್ತಾರೋ ಅಥವಾ ಓವನ್ನನ್ನು ಮೈಸೂರಿಗೋ ಮಂಗಳೂರಿಗೋ ನೀವೇ ಹೊತ್ತು ಹೋಗಬೇಕೋ ಎಂಬುದನ್ನು ಬಿಲ್ ಹಾಕಿಸುವ ಮೊದಲೇ ಕೇಳಿ. ಕೊಳ್ಳುವುದು ನವೆಂಬರ್ ಮೊದಲ ವಾರದಲ್ಲೇ ಆಗಲಿ: ಮೊದಲು ಖಾಲಿಯಾಗಿ 200ರಲ್ಲಿ ಇಪ್ಪತ್ತು ನಿಮಿಷ ಕಾಯಿಸಿ ಹೊಸ ರಾಡಿನ ಹೊಗೆ ಕಳೆಯಬೇಕು, ನಾಬಿನ ಚೀಟಿ ಬರೆಯಬೇಕು, ಸಾದಾ ಕೇಕು ಒಂದೆರಡು ಮಾಡಿ ಎಲ್ಲಿ ಹೆಚ್ಚು ಕೆಂಪಾಗುತ್ತದೆ ಎಂದು ತಿಳಿಯಬೇಕು. ದೋಷ ಸಿಕ್ಕಿದರೆ ಬದಲಾಯಿಸಿಕೊಳ್ಳಲು ಆಗಮನ ಕಾಲಕ್ಕೆ (ಕ್ರಿಸ್ಮಸ್ಸಿಗೆ ಸಿದ್ಧತೆಯ ವಾರಗಳಿಗೆ) ಮೊದಲು ಇನ್ನೂ ಹದಿನೈದು ದಿನ ಕೈಯಲ್ಲಿರುತ್ತದೆ.