ಟೆಂಪೋದಲ್ಲಿ ಬರುವ ‘ನಾಟಿ ಮಾಗುರ’ ಮರಿ ತಗೋಬೇಡಿ

ಹಾವೇರಿ, ಹಾನಗಲ್ಲ ಕಡೆ ಹಿತ್ತಲಲ್ಲಿ ಹೊಂಡ ಮಾಡಿಸಿ ಊಟಕ್ಕೆ ನಾಲ್ಕು ಮೀನು ಬೆಳೆಸೋಣ ಅಂತಿರುವವರು ದಯವಿಟ್ಟು ಇದನ್ನು ಓದಿ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಮೀನುಮರಿ ತುಂಬಿಕೊಂಡು ಮನೆ ಬಾಗಿಲಿಗೇ ಮಾರಲು ಬರುತ್ತಾರೆ. ಅವರ ಹತ್ತಿರ ‘ನಾಟಿ ಮಾಗುರ’ (ನಮ್ಮ ದೇಶದ್ದೇ ಒಂದು ಮೀಸೆ ಮೀನು) ಅನ್ನೋ ಕರಿ ಮರಿ ಇದ್ದರೆ ಮುಟ್ಟಬೇಡಿ. ನಮಗೆ ಆ ಹೆಸರಿನಲ್ಲಿ ಕೊಟ್ಟದ್ದು ಆಫ್ರಿಕನ್ ಕ್ಯಾಟ್‌ಫಿಶ್. ಅದನ್ನು ಸಾಕುವುದನ್ನು ಕೇಂದ್ರ ಸರ್ಕಾರ 2000ದಲ್ಲೇ ನಿಷೇಧಿಸಿದೆ. ಇರುವ ಮೀನನ್ನೂ ನಾಶ ಮಾಡಿ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಹೇಳಿದೆ. ಆದರೂ ಮಾರಾಟ ನಿಂತಿಲ್ಲ.

ನಮ್ಮ ಹೊಂಡ 30 ಅಡಿ ಉದ್ದ, 20 ಅಡಿ ಅಗಲ. ಎದೆಮಟ್ಟ ನೀರು. ಜುಲೈನಲ್ಲಿ ಮೀನುಗಾರಿಕೆ ಇಲಾಖೆಯ ಮರಿ ತಂದು ಬಿಟ್ಟಿದ್ದೆವು: ಕಾಟ್ಲಾ, ರೋಹು, ಮೃಗಾಲ್. ಚೆನ್ನಾಗಿಯೇ ಇದ್ದವು, ಆದರೆ ನಿಧಾನ. ಈ ಮೀನು ಕಿಲೋ ತೂಗಬೇಕಾದರೆ ಹೆಚ್ಚುಕಡಿಮೆ ಒಂದು ವರ್ಷ ಬೇಕು, ಅದೂ ಮೇವು ಸರಿಯಾಗಿ ಹಾಕಿದರೆ. ಆ ಹೊತ್ತಿಗೆ ಟೆಂಪೋ ಬಂತು.

“ಸರ, ಇವು ಆರು ತಿಂಗಳಿಗೆ ಕಿಲೋ ಬರ್ತಾವ. ಗಾಳಿ ಹೊಡಿಯೂ ಮಷೀನ್ ಬ್ಯಾಡ್ರಿ. ನೀರು ಹೊಲಸಾದ್ರೂ ಸಾಯಂಗಿಲ್ಲ” ಅಂದ. ಪಕ್ಕದ ಮನೆ ಕಾಕಾ ಬೇಲಿ ಆಚೆಯಿಂದಲೇ ಕೇಳಿದರು, “ಏನ್ ತಿಂತಾವಪಾ ಇವು?” “ಏನ್ ಹಾಕಿದ್ರೂ ತಿಂತಾವ ಕಾಕಾರ, ಮನ್ಯಾಗಿನ ಮುಸುರಿ ಹಾಕಿದ್ರೂ ಸಾಕು.”

ಈಗ ಯೋಚಿಸಿದರೆ, ಹೆಸರೊಂದನ್ನು ಬಿಟ್ಟು ಅವನು ಹೇಳಿದ್ದೆಲ್ಲ ನಿಜವೇ. ಅದೇ ತೊಂದರೆ.

ಏನು ಹಾಕಿದರೂ ತಿನ್ನುತ್ತವೆ ಅಂದನಲ್ಲ, ಮೊದಲು ತಿಂದದ್ದು ನಮ್ಮ ರೋಹು ಮರಿಗಳನ್ನೇ. ಶುರುವಿನಲ್ಲಿ ಬಾಲ ಹರಿದ ಮರಿಗಳು ಮೇಲೆ ತೇಲಿದವು. ಏನೋ ರೋಗ ಅಂದುಕೊಂಡು ಸುಣ್ಣ ಹಾಕಿದೆವು. ಆಮೇಲೆ ತೇಲುವುದೂ ನಿಂತಿತು, ಯಾಕಂದರೆ ತೇಲಲು ಏನೂ ಉಳಿದಿರಲಿಲ್ಲ. ರಾತ್ರಿ ವಟಗುಟ್ಟುತ್ತಿದ್ದ ಕಪ್ಪೆಗಳೂ ಕಡಿಮೆಯಾದವು. ಹೊಂಡದಲ್ಲಿ ತಿನ್ನಲು ಬೇರೇನೂ ಸಿಗದಿದ್ದಾಗ ದೊಡ್ಡವು ತಮ್ಮ ಜಾತಿಯ ಚಿಕ್ಕವನ್ನೇ ನುಂಗುತ್ತವೆ.

ಗಾಳಿ ಹೊಡೆಯುವ ಮಷೀನು ಬೇಡ ಅಂದದ್ದೂ ಸುಳ್ಳಲ್ಲ. ಈ ಮೀನು ನೀರಿನ ಮೇಲೆ ಬಂದು ನೇರವಾಗಿ ಗಾಳಿ ಎಳೆದುಕೊಳ್ಳುತ್ತದೆ. ಹಾಗಾಗಿ ಒದ್ದೆ ನೆಲದ ಮೇಲೂ ಸುಮಾರು ಹೊತ್ತು ಬದುಕುತ್ತದೆ, ತೆವಳಿಕೊಂಡು ಹೋಗುತ್ತದೆ. ಅಕ್ಟೋಬರಿನಲ್ಲಿ ಒಂದು ರಾತ್ರಿ ಜೋರು ಮಳೆ ಬಂದು ಹೊಂಡ ತುಂಬಿ ಹರಿಯಿತು. ಬೆಳಿಗ್ಗೆ ಕಾಕಾನ ಮೊಮ್ಮಗ “ಹಾವು, ಹಾವು” ಅಂತ ಕಿರುಚಿದ. ನೋಡಿದರೆ ನಮ್ಮ ಮೀನುಗಳು, ಗಟಾರದ ಕಡೆ ಹೊರಟಿದ್ದವು. ಸಿಕ್ಕಷ್ಟನ್ನು ಬುಟ್ಟಿಗೆ ತುಂಬಿದೆವು. ರಾತ್ರಿಯೇ ಹೋದವು ಎಷ್ಟೋ ಯಾರಿಗೆ ಗೊತ್ತು? ನಮ್ಮ ಗಟಾರದ ನೀರು ಹಳ್ಳಕ್ಕೆ, ಹಳ್ಳ ವರದಾ ನದಿಗೆ. ವರದೆ ಗಳಗನಾಥದ ಹತ್ತಿರ ತುಂಗಭದ್ರೆಗೆ ಸೇರುತ್ತದೆ. ಈ ಮೀನನ್ನು ನಿಷೇಧ ಮಾಡಿದ್ದು ಇದಕ್ಕೇ. ಹೊಂಡದಲ್ಲಿ ಮಾಡಿದ್ದನ್ನೇ ಅದು ಕೆರೆ, ಹೊಳೆಯಲ್ಲೂ ಮಾಡುತ್ತದೆ.

ಬುಟ್ಟಿಯಲ್ಲಿದ್ದ ಒಂದನ್ನು ಮೀನುಗಾರಿಕೆ ಇಲಾಖೆಯವರಿಗೆ ತೋರಿಸಿದಾಗಲೇ ಅದರ ಅಸಲಿ ಹೆಸರು ತಿಳಿದದ್ದು. ಮರಿ ಇದ್ದಾಗ ಕಂಡುಹಿಡಿಯುವುದು ನಮ್ಮಂಥವರಿಗೆ ಕಷ್ಟ. ನಾಟಿ ಮಾಗುರಕ್ಕೂ ಇದಕ್ಕೂ ಅದೇ ಕರಿ ಮೈ, ಅದೇ ಎಂಟು ಮೀಸೆ. ಆದರೆ ನಾಟಿ ಮಾಗುರ ಕಾಲು ಕಿಲೋ ಆಗಲೇ ತಿಂಗಳುಗಟ್ಟಲೆ ಬೇಕು. ಆರು ತಿಂಗಳಿಗೆ ಕಿಲೋ ಅಂತ ಯಾರಾದರೂ ಹೇಳಿದರೆ ಅಲ್ಲೇ ಅನುಮಾನ ಬರಬೇಕು, ಅಲ್ವಾ?

ಇನ್ನೊಂದು ಲೆಕ್ಕ. ಗೆಂಡೆ ಮೀನಿಗೆ (ಕಾಟ್ಲಾ, ರೋಹು, ಮೃಗಾಲ್ ಎಲ್ಲ ಗೆಂಡೆಯೇ) ಹೆಕ್ಟೇರಿಗೆ 5,000ದಿಂದ 10,000 ಮರಿ ಅಂತ ಹೇಳುತ್ತಾರೆ. ಅಂದರೆ ಒಂದು ಚದರ ಮೀಟರಿಗೆ ಹೆಚ್ಚೆಂದರೆ ಒಂದು. ನಮ್ಮ ಹೊಂಡ 55 ಚದರ ಮೀಟರ್ ಆಗುತ್ತದೆ, ಐವತ್ತೈದು ಮರಿಗಿಂತ ಹೆಚ್ಚು ಹಿಡಿಯದು. ಟೆಂಪೋದವನು ಕೊಟ್ಟದ್ದು 300. “ಕಡಿಮಿ ಬಿಟ್ರ ಲುಕ್ಸಾನ ಆಗ್ತದ ಸರ” ಅಂದಿದ್ದ. ಲುಕ್ಸಾನ ಯಾರಿಗೆ ಅಂತ ಹೇಳಲಿಲ್ಲ. ರಸೀದಿ ಇಲ್ಲ, ಫೋನ್ ನಂಬರ್ ಈಗ ಹತ್ತುವುದಿಲ್ಲ.

ಗದಗಿನ ನಮ್ಮ ಭಾವನ ಕಥೆ ಬೇರೆ. ಅವರಿಗೆ ಮಾರಿದ್ದು ಜಿಲೇಬಿ, ಅಂದರೆ ತಿಲಾಪಿಯಾ. ಅದು ಮೊಟ್ಟೆಯನ್ನು ಬಾಯಲ್ಲೇ ಇಟ್ಟುಕೊಂಡು ಮರಿ ಮಾಡುತ್ತದೆ. ನಿಂತ ನೀರಲ್ಲೇ ಮೇಲಿಂದ ಮೇಲೆ ಮರಿ ಹಾಕುತ್ತದೆ. ವರ್ಷ ತುಂಬುವಷ್ಟರಲ್ಲಿ ಹೊಂಡ ತುಂಬ ಅಂಗೈಯಗಲದ ಮೀನು, ಒಂದಕ್ಕೂ ತೂಕವಿಲ್ಲ. ಬರೀ ಗಂಡು ಮರಿ ಕೊಡುವ ಪರವಾನಗಿ ಇರುವ ಕಡೆಯಿಂದ ತಂದರೆ ಈ ಪಾಡು ಇಲ್ಲ. ಬೀದಿಯಲ್ಲಿ ಮಾರುವವನ ಹತ್ತಿರ ಅಂಥದ್ದು ಸಿಗುತ್ತದೆ ಅಂತ ನನಗಂತೂ ನಂಬಿಕೆಯಿಲ್ಲ.

ಹಾಗಾದರೆ ಯಾವುದು ಬಿಡಬೇಕು? ಸಣ್ಣ ಹೊಂಡಕ್ಕೆ ನನ್ನ ಓಟು ರೋಹುಗೆ, ಜೊತೆಗೆ ಒಂದಿಷ್ಟು ಹುಲ್ಲುಗೆಂಡೆ. ದನಕ್ಕೆ ಹಾಕುವ ನೇಪಿಯರ್ ಹುಲ್ಲನ್ನೇ ಸಣ್ಣಗೆ ಕತ್ತರಿಸಿ ಹಾಕಿದರೆ ಹುಲ್ಲುಗೆಂಡೆ ತಿನ್ನುತ್ತದೆ. ಮಣ್ಣಿನ ಒಡ್ಡು ಇದ್ದರೆ ಸಾಮಾನ್ಯ ಗೆಂಡೆ ಬೇಡ, ಅದು ಮೇವು ಹುಡುಕುತ್ತಾ ಅಂಚನ್ನೇ ಕೆದರುತ್ತದೆ. ರೋಹು, ಕಾಟ್ಲಾಗಳಿಗೆ ಮುಳ್ಳು ಜಾಸ್ತಿ ಅಂತ ಮನೆಯಲ್ಲಿ ಗೊಣಗುತ್ತಾರೆ, ಅದು ನಿಜವೇ. ಆದರೆ ಇವು ನಿಂತ ನೀರಲ್ಲಿ ತಾವಾಗಿ ಮರಿ ಹಾಕುವುದಿಲ್ಲ. ಬಿಟ್ಟಷ್ಟೇ ಇರುತ್ತವೆ, ಹಿಡಿದರೆ ಮುಗಿಯುತ್ತವೆ. ಮನೆ ಹೊಂಡಕ್ಕೆ ಅದು ದೊಡ್ಡ ಅನುಕೂಲ. ಮರಿಯನ್ನು ಇಲಾಖೆಯಿಂದಲೇ ತನ್ನಿ. ತುಂಗಭದ್ರಾ ಡ್ಯಾಮಿನ ಹತ್ತಿರ, ಶಿವಮೊಗ್ಗ ಕಡೆ ಭದ್ರಾ ಡ್ಯಾಮಿನ ಬಿ.ಆರ್. ಪ್ರಾಜೆಕ್ಟಿನಲ್ಲಿ ಇಲಾಖೆಯ ಮರಿ ಕೇಂದ್ರಗಳಿವೆ. ಅಷ್ಟು ದೂರ ಹೋಗುವ ಮೊದಲು ನಿಮ್ಮ ತಾಲೂಕಿನ ಮೀನುಗಾರಿಕೆ ಕಚೇರಿಯಲ್ಲಿ ಕೇಳಿ.

ಈಗಾಗಲೇ ಹೊಂಡಕ್ಕೆ ಕ್ಯಾಟ್‌ಫಿಶ್ ಬಿಟ್ಟಿದ್ದರೆ ಮೊದಲು ಇಲಾಖೆಗೆ ತಿಳಿಸಿ. ಪಾಪ ಅಂತ ಹೆಗ್ಗೇರಿ ಕೆರೆಗೋ ಹಳ್ಳಕ್ಕೋ ಒಯ್ದು ಬಿಡಬೇಡಿ. ಪಂಪ್ ಹಚ್ಚಿ ನೀರು ಖಾಲಿ ಮಾಡಿಸಿ. ಫುಟ್‌ವಾಲ್ವಿಗೆ ಸೊಳ್ಳೆಪರದೆ ಕಟ್ಟಿ, ಇಲ್ಲದಿದ್ದರೆ ಸಣ್ಣವು ನೀರಿನ ಜೊತೆ ಹೊರಗೆ ಹೋಗುತ್ತವೆ. ನೀರು ಹೋದ ಮೇಲೂ ಕೆಸರಿನಲ್ಲಿ ಹುದುಗಿಕೊಂಡು ಬದುಕಿರುತ್ತವೆ. ಹಾಗಾಗಿ ತಳದ ಮಣ್ಣು ಬಿರುಕು ಬಿಡುವವರೆಗೂ ಒಣಗಿಸಿ, ಆಮೇಲೆ ಸುಣ್ಣ ಎರಚಿ. ಹಿಡಿದ ಮೀನನ್ನು ಗುಂಡಿ ತೋಡಿ ಹೂತುಬಿಡಿ. ಗುಂಡಿ ಆಳವಾಗಿರಲಿ, ನಮ್ಮದನ್ನು ಓಣಿ ನಾಯಿಗಳು ಎರಡೇ ದಿನಕ್ಕೆ ಕೆದರಿ ತೆಗೆದಿದ್ದವು.