ಮಗ ಕೈಯೆತ್ತಿದ ಮೇಲೆ ಸೇರಿದ ತರಬೇತಿ

ಮಕ್ಕಳಿಂದಲೇ ನಿಂದನೆ, ಬೆದರಿಕೆ, ಹಲ್ಲೆಗೆ ಒಳಗಾಗುತ್ತಿರುವ ತಂದೆತಾಯಿಗಳಿಗಾಗಿ ನಡೆಸುವ 10 ವಾರಗಳ ಆನ್‌ಲೈನ್ ತರಬೇತಿಯೊಂದನ್ನು ನಾನೂ ನನ್ನ ಪತಿಯೂ ಇತ್ತೀಚೆಗೆ ಮುಗಿಸಿದೆವು. 14 ವರ್ಷದ ಮಗ ನನ್ನ ಮೇಲೆ ಕೈಯೆತ್ತಿದ್ದನ್ನು ಹೇಳಿಕೊಳ್ಳಲು ನಾಚಿ ಎರಡು ವರ್ಷ ಕಳೆದಿದ್ದ ನಮಗೆ, ಮೊದಲ ದಿನ ಪರದೆಯ ಮೇಲೆ ಇನ್ನೂ ಎಂಟು ಕುಟುಂಬಗಳನ್ನು ಕಂಡದ್ದೇ ದೊಡ್ಡ ಸಮಾಧಾನವಾಗಿತ್ತು.

ಇಸ್ರೇಲಿನ ಮನೋವಿಜ್ಞಾನಿ ಹೈಮ್ ಓಮರ್ ರೂಪಿಸಿದ ‘ಅಹಿಂಸಾತ್ಮಕ ಪ್ರತಿರೋಧ’ ಈ ತರಬೇತಿಯ ತಳಹದಿ. ಗಾಂಧೀಜಿ ಹಾಗೂ ಮಾರ್ಟಿನ್ ಲೂಥರ್ ಕಿಂಗ್ ಅವರ ಹೋರಾಟದ ಮಾರ್ಗವನ್ನು ಮನೆಯೊಳಗೆ ತಂದ ಈ ಪದ್ಧತಿಯ ಗುರಿ ಮಗುವನ್ನು ಸೋಲಿಸುವುದಲ್ಲ, ದೌರ್ಜನ್ಯಕ್ಕೆ ಮಣಿಯದೆ, ತಿರುಗಿಯೂ ಬೀಳದೆ ಅವನ ಜೊತೆಗೇ ನಿಲ್ಲುವುದು.

ನನ್ನ ಕಣ್ಣು ತೆರೆಸಿದ್ದು ಎರಡನೆಯ ವಾರ. ಮೊಬೈಲ್ ತೆಗೆದಿಟ್ಟ ರಾತ್ರಿ ಅವನು ಕಿರುಚಿದರೆ ನಾನೂ ಕಿರುಚುತ್ತಿದ್ದೆ. ಬಾಗಿಲು ಒದೆಯತೊಡಗಿದರೆ ಕೊಟ್ಟುಬಿಡುತ್ತಿದ್ದೆ. ಒದ್ದರೆ ಸಿಗುತ್ತದೆ ಎಂದು ಅವನೂ, ಕೊಟ್ಟರೆ ಸದ್ದಡಗುತ್ತದೆ ಎಂದು ನಾನೂ ಕಲಿತದ್ದು ಹೀಗೆಯೇ. ಅಮೆರಿಕದ ಮನೋವಿಜ್ಞಾನಿ ಜೆರಾಲ್ಡ್ ಪ್ಯಾಟರ್ಸನ್ ದಶಕಗಳ ಹಿಂದೆಯೇ ವಿವರಿಸಿದ ಈ ವರ್ತುಲವನ್ನು ತರಬೇತುದಾರರು ನಮ್ಮದೇ ಜಗಳಗಳನ್ನಿಟ್ಟುಕೊಂಡು ಬಿಡಿಸಿ ತೋರಿಸಿದರು. ಕಾದಾಗಲೇ ಕಬ್ಬಿಣ ಬಡಿಯಬೇಕೆಂದು ಕೇಳಿಕೊಂಡು ಬೆಳೆದ ನಮಗೆ ಅದು ಆರಿದ ಮೇಲೆ ಬಡಿಯಿರಿ ಎಂದರು: ಆ ಕ್ಷಣ ವಾದಿಸದೆ, ಮರುದಿನ ಶಾಂತವಾಗಿ ವಿಷಯ ಎತ್ತುವುದು.

‘ಘೋಷಣೆ’ ಎಂಬ ಅಭ್ಯಾಸವಂತೂ ಅಮೂಲ್ಯ. ಇನ್ನು ಮುಂದೆ ಹೊಡೆತ, ಬೈಗುಳಗಳನ್ನು ಸಹಿಸುವುದಿಲ್ಲ, ಮುಚ್ಚಿಡುವುದೂ ಇಲ್ಲ ಎಂದು ನಾಲ್ಕು ಸಾಲು ಬರೆದು ಇಬ್ಬರೂ ಅವನೆದುರು ಓದಿದೆವು. ಶಿಕ್ಷೆಯ ಮಾತು ಅದರಲ್ಲಿ ಒಂದೂ ಇರಲಿಲ್ಲ. ಅವನು ಹಾಳೆ ಹರಿದೆಸೆದ. ನಾವು ಸುಮ್ಮನೆ ಹೊರಬಂದೆವು. ಅಂದು ಬಾಗಿಲು ಒದೆಯಲಿಲ್ಲ. ಬೈಗುಳ ಇಂದಿಗೂ ನಿಂತಿಲ್ಲ, ಹಲ್ಲೆ ಮಾತ್ರ ಏಳನೆಯ ವಾರದಿಂದೀಚೆಗೆ ನಡೆದಿಲ್ಲ.

ಕೊರತೆಗಳೂ ಸಣ್ಣವಲ್ಲ. ಬಂಧುಮಿತ್ರರನ್ನು ಬೆಂಬಲಕ್ಕೆ ಕರೆಯಿರಿ ಎನ್ನುವ ಪಾಠ, ಒಂಟಿಯಾಗಿ ಮಗುವನ್ನು ಬೆಳೆಸುತ್ತಿರುವ ತಾಯಿ ಯಾರನ್ನು ಕರೆಯಬೇಕೆಂದು ಹೇಳಲಿಲ್ಲ. ನಮ್ಮ ಗುಂಪಿನಲ್ಲಿದ್ದ ಅಂಥ ಒಬ್ಬರು ಐದನೆಯ ವಾರದಿಂದ ಬರುವುದನ್ನೇ ಬಿಟ್ಟರು. ಚಾಕು ಕೈಗೆತ್ತಿಕೊಂಡಾಗ ಏನು ಮಾಡಬೇಕು, ಯಾವಾಗ ಪೊಲೀಸರಿಗೆ ಕರೆ ಮಾಡಬೇಕು ಎಂಬುದು ಮೊದಲ ವಾರವೇ ಬರಬೇಕಿತ್ತು, ಬಂದದ್ದು ಒಂಬತ್ತನೆಯ ವಾರ. ಗದ್ದಲದ ರಾತ್ರಿಗಳಲ್ಲಿ ಒಳಗಿನಿಂದ ಚಿಲಕ ಹಾಕಿಕೊಂಡು ಮಲಗುವ ನಮ್ಮ ಕಿರಿಯ ಮಗಳ ಬಗ್ಗೆ ನಾನು ಕೇಳಿದಾಗ ‘ಮುಂದಿನ ವಾರ ನೋಡೋಣ’ ಎಂದರು. ಆ ವಾರ ಬರುವ ಮೊದಲೇ ತರಬೇತಿ ಮುಗಿಯಿತು.